ಬೋಟಿನ ತಳದಲ್ಲಿ ದಿನಾ ಬೆಳಗ್ಗೆ ಎರಡು ಲೋಟ ನೀರು: ಸೋರಿಕೆ ಹುಡುಕುವ ಬಗೆ

ಜನವರಿಯ ಎರಡನೇ ವಾರ. ಸಿಸಿಲಿಯ ದಕ್ಷಿಣ ತೀರ, ರಗೂಸಾ ಕಡೆಯ ಒಂದು ಮರೀನಾ. ಮೆಡಿಟರೇನಿಯನ್‌ನಲ್ಲಿ ಹಾಯಿದೋಣಿಯಲ್ಲೇ ವಾಸ ಮಾಡುವವರು ಚಳಿಗಾಲಕ್ಕೆ ಹೀಗೆ ಎಲ್ಲಾದರೂ ಒಂದು ಕಡೆ ದೋಣಿ ಕಟ್ಟಿ ಕೂರುತ್ತಾರೆ. ನಾವು ಅಕ್ಟೋಬರ್ ಕೊನೆಗೆ ಬಂದಿದ್ದೆವು. 36 ಅಡಿಯ ಫೈಬರ್ ದೋಣಿ, ವಯಸ್ಸು ಮೂವತ್ತು ದಾಟಿದೆ. ಏಪ್ರಿಲ್‌ವರೆಗೆ ಅದೇ ಮನೆ.

ಒಂದು ಬೆಳಗ್ಗೆ ನೆಲದ ಹಲಗೆ ಎತ್ತಿ ನೋಡಿದರೆ ಬಿಲ್ಜ್‌ನಲ್ಲಿ ನೀರು. ಜಾಸ್ತಿ ಏನಿಲ್ಲ, ಎರಡು ಲೋಟ. ಒರೆಸಿದೆ. ಮರುದಿನ ಮತ್ತೆ ಎರಡು ಲೋಟ. ಮೂರನೇ ದಿನವೂ ಅಷ್ಟೇ.

ಬಿಲ್ಜ್ ಎಂದರೆ ದೋಣಿಯ ಅತಿ ತಗ್ಗಿನ ಗುಂಡಿ. ಮುಂದೆ ಸೋರಲಿ, ಹಿಂದೆ ಸೋರಲಿ, ಮೇಲಿಂದ ಇಳಿಯಲಿ, ನೀರು ಕೊನೆಗೆ ಸೇರುವುದು ಅಲ್ಲಿಗೇ. ಆದ್ದರಿಂದಲೇ ಅಲ್ಲಿ ನಿಂತ ನೀರನ್ನು ಸುಮ್ನೆ ನೋಡುತ್ತಾ ಕೂತರೆ ಏನೂ ತಿಳಿಯುವುದಿಲ್ಲ. ನಾನು ಹತ್ತು ದಿನ ತಪ್ಪು ದಾರಿಯಲ್ಲಿ ಅಲೆದೆ. ನಿಮಗೆ ಅಷ್ಟು ದಿನ ಬೇಕಾಗಬಾರದು.

ಮೊದಲು ಗಡಿಯಾರ ನೋಡಿ

ಕಣ್ಣೆದುರೇ ನೀರು ಏರುತ್ತಿದ್ದರೆ ಓದುವುದನ್ನು ಇಲ್ಲಿಗೇ ಬಿಡಿ. ಪಂಪು ಹಾಕಿ, ಒಡಲು ತೂರಿ ಸಮುದ್ರಕ್ಕೆ ಬಾಯಿ ಬಿಡುವ ವಾಲ್ವ್‌ಗಳನ್ನೆಲ್ಲ ಮುಚ್ಚಿ, ಪಕ್ಕದ ದೋಣಿಯವರನ್ನು ಕೂಗಿ. ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ ಒಂದು ಇಂಚಿನ ಪೈಪು ಕಳಚಿಕೊಂಡರೆ ನಿಮಿಷಕ್ಕೆ 50 ಲೀಟರಿಗೂ ಹೆಚ್ಚು ಸಮುದ್ರ ಒಳಗೆ ಬರುತ್ತದೆ. ಅದಕ್ಕೇ ಪ್ರತಿ ವಾಲ್ವ್‌ಗೂ ಅದರ ಅಳತೆಯ ಮೆತ್ತನೆ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿ ಇಟ್ಟಿರಬೇಕು. ಕಟ್ಟಿಲ್ಲದಿದ್ದರೆ ಇವತ್ತೇ ಕಟ್ಟಿ.

ಇನ್ನೊಂದು ಮಾತು. ಮರೀನಾದ ಕಂಬದಿಂದ 230 ವೋಲ್ಟ್ ಕರೆಂಟು ದೋಣಿಯೊಳಗೆ ಬಂದಿರುತ್ತದೆ. ಒದ್ದೆ ಜಾಗಕ್ಕೆ ಕೈ ಹಾಕುವ ಮೊದಲು ಕಂಬದ ಬಳಿಯೇ ಹೋಗಿ ಆ ನೀಲಿ ಪ್ಲಗ್ ಕಿತ್ತು ಬನ್ನಿ. ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚನ್ನು ಇಟಲಿಯವರು 'ಸಾಲ್ವಾವೀಟಾ' ಅನ್ನುತ್ತಾರೆ. ಜೀವ ಉಳಿಸುವುದು ಎಂದು ಅರ್ಥ. ಹೆಸರು ಚೆನ್ನಾಗಿದೆ ಅಂತ ಅದನ್ನೇ ನಂಬಿಕೊಂಡು ಕೈ ಹಾಕಬೇಡಿ.

ನಾನು ಮಾಡಿದ ತಪ್ಪು

ದೋಣಿಯವರೆಲ್ಲ ಹೇಳುವ ಮೊದಲ ಪರೀಕ್ಷೆ: ಬೆರಳು ಅದ್ದಿ ನಾಲಗೆಗೆ ಹಚ್ಚಿ ನೋಡು. ಉಪ್ಪಾದರೆ ಸಮುದ್ರ, ಸಪ್ಪೆಯಾದರೆ ಟ್ಯಾಂಕು ಇಲ್ಲವೇ ಮಳೆ. ಹಚ್ಚಿದೆ. ಉಪ್ಪು.

ಎದೆ ಧಸಕ್ಕೆಂದಿತು. ನನ್ನ ಹೆಂಡತಿ ಮಾತ್ರ ನಾಲಗೆಯನ್ನು ನಂಬಲಿಲ್ಲ. "ರೀ, ಕುಡಿಯೋ ನೀರು ನೋಡೋ ಪೆನ್ನು ಇದೆಯಲ್ವಾ, ಅದನ್ನ ಅದ್ದಿ ನೋಡಿ" ಅಂದಳು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬೋರ್‌ವೆಲ್ ನೀರಿಗೂ ಟ್ಯಾಂಕರ್ ನೀರಿಗೂ ಅದ್ದುತ್ತಿದ್ದ ಟಿಡಿಎಸ್ ಪೆನ್ನು. ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ಪಿಪಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಅದ್ದಿದರೆ 6,000ದ ಮೇಲೆ. ಅಲ್ಲಿಗೆ ತೀರ್ಮಾನವಾಯಿತು: ಸಮುದ್ರ ಒಳಗೆ ಬರುತ್ತಿದೆ.

ಗುಮಾನಿ ಹೋಗಿದ್ದು ಸ್ಟಫಿಂಗ್ ಬಾಕ್ಸ್ ಮೇಲೆ. ಪ್ರೊಪೆಲ್ಲರ್ ಶಾಫ್ಟ್ ಒಡಲು ದಾಟಿ ಹೊರಗೆ ಹೋಗುವ ಕಡೆ ಗ್ರೀಸಿನ ಹಗ್ಗ ಸುತ್ತಿ ನಟ್ಟಿನಿಂದ ಬಿಗಿದಿರುತ್ತಾರಲ್ಲ, ಅದು. ಸ್ಪಾನರ್ ಹಾಕಿ ಬಿಗಿದೆ. ಮರುದಿನವೂ ಎರಡು ಲೋಟ. ಇನ್ನಷ್ಟು ಬಿಗಿದೆ. ಆಮೇಲೆ ಎಂಜಿನ್ ಹತ್ತು ನಿಮಿಷ ಗೇರಿನಲ್ಲಿ ಓಡಿಸಿ ಮುಟ್ಟಿದರೆ ಬಾಕ್ಸ್ ಸುಡುತ್ತಿತ್ತು. ಈ ಹಳೆ ನಮೂನೆಯ ಬಾಕ್ಸಿನಲ್ಲಿ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು ಮೂರು ಹನಿ ಬೀಳಲೇಬೇಕು, ಆ ಹನಿಯೇ ಅದನ್ನು ತಂಪಾಗಿಡುವುದು. ನಿಂತಿರುವಾಗ ಬೀಳಬಾರದು, ಅಷ್ಟೇ. ಒಂದು ಹನಿಯೂ ಬೀಳದ ಹಾಗೆ ಬಿಗಿದು ನಾನು ಹಗ್ಗವನ್ನೇ ಸುಟ್ಟಿದ್ದೆ. ದೋಣಿಯನ್ನು ನೀರಿನಿಂದ ಎತ್ತಿಸಲು ಎಷ್ಟಾಗುತ್ತದೆ ಎಂದು ಕೇಳಿಕೊಂಡೂ ಬಂದೆ.

ಮೂರು ದೋಣಿ ಆಚೆ ಒಬ್ಬ ಮುದುಕರು ಇದ್ದರು, ಒಂದು ಕಾಲದಲ್ಲಿ ದೋಣಿ ರಿಪೇರಿ ಮಾಡುತ್ತಿದ್ದವರು. ಎಲ್ಲ ಕೇಳಿ ಅವರು ಒಂದೇ ಪ್ರಶ್ನೆ ಕೇಳಿದರು: "ಬಿಲ್ಜ್ ತೊಳೆದು ಎಷ್ಟು ದಿನವಾಯಿತು?"

ತೊಳೆದೇ ಇರಲಿಲ್ಲ. ಅಕ್ಟೋಬರ್‌ನಲ್ಲಿ ಬರುವಾಗ ಗಾಳಿ ಜೋರಿತ್ತು, ಲಂಗರಿನ ಗೂಡಿನಿಂದ ಒಂದಷ್ಟು ಸಮುದ್ರ ಒಳಗೆ ಬಂದಿತ್ತು. ಒರೆಸಿದ್ದೆವು. ನೀರು ಹೋಗಿ ಉಪ್ಪು ಮೂಲೆ ಮೂಲೆಯಲ್ಲಿ ಒಣಗಿ ಕೂತಿತ್ತು. ಅದರ ಮೇಲೆ ಸಿಹಿನೀರು ಬಿದ್ದರೂ ಉಪ್ಪಾಗಿಯೇ ಬಿಲ್ಜ್ ಸೇರುತ್ತದೆ. ನನ್ನ ನಾಲಗೆಯೂ ಪೆನ್ನೂ ಸುಳ್ಳು ಹೇಳಿರಲಿಲ್ಲ. ನಾನು ಅಳೆದದ್ದು ಅಕ್ಟೋಬರಿನ ಉಪ್ಪನ್ನು.

ಅಷ್ಟಕ್ಕೂ 6,000 ಎಂಬ ಅಂಕಿಯೇ ಅನುಮಾನ ಹುಟ್ಟಿಸಬೇಕಿತ್ತು. ಮೆಡಿಟರೇನಿಯನ್ ನೀರು ಅಟ್ಲಾಂಟಿಕ್‌ಗಿಂತ ಉಪ್ಪು, ಲೀಟರಿಗೆ ಸುಮಾರು 38 ಗ್ರಾಂ, ಅಂದರೆ 38,000 ಪಿಪಿಎಂ. ನನ್ನ ಪೆನ್ನಿನ ಅಳತೆ 9,990ಕ್ಕೆ ಮುಗಿಯುತ್ತದೆ. ನಿಜವಾದ ಸಮುದ್ರದ ನೀರಾಗಿದ್ದರೆ ಅದು ಅಂಕಿಯನ್ನೇ ತೋರಿಸದೆ ಕೈ ಚೆಲ್ಲಬೇಕಿತ್ತು.

ತೊಳೆದು, ಒಣಗಿಸಿ, ಆಮೇಲೆ ಅಳೆಯಿರಿ

ಬಿಲ್ಜನ್ನು ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಬಿಲ್ಜ್ ಮಾತ್ರ ಅಲ್ಲ, ಅದಕ್ಕೆ ನೀರು ಹರಿದುಬರುವ ದಾರಿಗಳನ್ನೂ: ಎಂಜಿನ್ ಕೆಳಗೆ, ಸಿಂಕಿನ ಕೆಳಗೆ, ಹಾಯಿ ಕಟ್ಟುವ ಕೂವೆಮರದ ಬುಡ. ಕೊನೆಯ ಸಲ ತೊಳೆದ ನೀರಿಗೂ ನಲ್ಲಿ ನೀರಿಗೂ ಪೆನ್ನಿನಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಸಾಕು. ಸ್ಪಂಜಿನಿಂದ ಹಿಂಡಿ, ಹಳೆ ಬಟ್ಟೆಯಿಂದ ಒರೆಸಿ, ಕೈಗೆ ಒಣ ಅನಿಸುವವರೆಗೆ ಬಿಡಿ.

ನೀವು ದೋಣಿಯಲ್ಲೇ ಇರುವಷ್ಟು ಹೊತ್ತು ತಾನಾಗಿ ಓಡುವ ಬಿಲ್ಜ್ ಪಂಪನ್ನು ಆಫ್ ಮಾಡಿ. ಅದು ಒಳ್ಳೆಯದೇ, ಆದರೆ ಸಾಕ್ಷಿಯನ್ನೆಲ್ಲ ಸಮುದ್ರಕ್ಕೆ ಚೆಲ್ಲುತ್ತದೆ. ಹೊರಗೆ ಹೋಗುವಾಗ ಮತ್ತೆ ಆನ್ ಮಾಡಲು ಮರೆಯಬೇಡಿ. ಅಂದ ಹಾಗೆ, ಪಂಪು ನಿಂತ ಮೇಲೆ ಪೈಪಿನಲ್ಲಿ ಉಳಿದ ನೀರು ಕೆಳಗೆ ಇಳಿಯುತ್ತದೆ. ಹೋದ ನೀರೇ ವಾಪಸ್ ಬಂದಿದ್ದನ್ನು ಸೋರಿಕೆ ಎಂದು ವಾರಗಟ್ಟಲೆ ಹುಡುಕಿದವರಿದ್ದಾರೆ.

ಇನ್ನು ನೀರು ಬಂದಾಗ ಮೂರು ವಿಷಯ ಬರೆದಿಡಿ: ಎಷ್ಟು ಮಿಲಿಲೀಟರ್, ಎಷ್ಟು ಹೊತ್ತಿಗೆ, ಪೆನ್ನು ಎಷ್ಟು ತೋರಿಸಿತು. ಜೊತೆಗೆ ಗಾಳಿ ಯಾವ ದಿಕ್ಕಿನದು, ಮಳೆ ಬಂತಾ ಅಂತಲೂ ಒಂದು ಸಾಲು. ಅಡುಗೆಮನೆಯ ಅಳತೆ ಲೋಟ ಸಾಕು.

ಹೋಲಿಸಿ ನೋಡಲು ನಿಮ್ಮ ಟ್ಯಾಂಕಿನ ನೀರನ್ನು ಮೊದಲೇ ಅಳೆದಿರಿ. ನಮ್ಮದು 490 ಇತ್ತು. ರಗೂಸಾ ಸುಣ್ಣಕಲ್ಲಿನ ಪ್ರಸ್ಥಭೂಮಿ, ನೀರು ಗಡುಸು. ಕೆಟಲ್ ತಳ ನೋಡಿದರೇ ಗೊತ್ತಾಗುತ್ತದೆ. ಮಳೆನೀರು, ಗೋಡೆಗೆ ಕೂತ ಹನಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರದ ಡಬ್ಬಿಯ ನೀರು, ಇವೆಲ್ಲ ಬಹಳ ಕಡಿಮೆ ತೋರಿಸುತ್ತವೆ, ನೂರರ ಒಳಗೇ. ಸಮುದ್ರದ ನೀರು ಅಳತೆ ಮೀರುತ್ತದೆ. ಅದನ್ನು ಖಚಿತ ಮಾಡಿಕೊಳ್ಳಲು ಒಂದು ಚಮಚ ನೀರಿಗೆ ಒಂಬತ್ತು ಚಮಚ ಡಿಹ್ಯುಮಿಡಿಫೈಯರ್ ನೀರು ಬೆರೆಸಿ ಅದ್ದಿ. ಮೂರು ಸಾವಿರದ ಆಸುಪಾಸು ಬಂದರೆ ಅದು ಸಮುದ್ರವೇ.

ಪೆನ್ನು 'ಸಮುದ್ರ' ಅಂದರೆ

ತಡ ಮಾಡಬೇಡಿ, ಆದರೆ ಗಾಬರಿಯಲ್ಲಿ ಸ್ಪಾನರ್ ಹಿಡಿಯಲೂ ಬೇಡಿ. ಮೊದಲು ಟಿಶ್ಯೂ ಕಾಗದ ತೆಗೆದುಕೊಳ್ಳಿ. ಸ್ಟಫಿಂಗ್ ಬಾಕ್ಸ್ ಕೆಳಗೆ, ಚುಕ್ಕಾಣಿಯ ದಂಡ ಒಳಬರುವ ಜಾಗದಲ್ಲಿ, ವೇಗ ಅಳೆಯುವ ಚಕ್ರದ ಸುತ್ತ, ಪ್ರತಿ ವಾಲ್ವಿನ ಬುಡದಲ್ಲಿ ಒಂದೊಂದು ಒಣ ತುಂಡು ಇಟ್ಟು ಒಂದು ಗಂಟೆ ಬಿಟ್ಟು ನೋಡಿ. ಒದ್ದೆಯಾದದ್ದು ತಾನೇ ಹೇಳುತ್ತದೆ.

ಹಿತ್ತಾಳೆ ವಾಲ್ವ್ ಹಸಿರುಗಟ್ಟಿದ್ದರೆ ಹೆದರಬೇಕಿಲ್ಲ. ಕೆರೆದಾಗ ಗುಲಾಬಿ ಬಣ್ಣ ಕಂಡರೆ ಹೆದರಿ: ಸತು ಕರಗಿಹೋಗಿ ಪೊಳ್ಳು ತಾಮ್ರ ಉಳಿದಿದೆ ಎಂದರ್ಥ, ಮುರಿಯಲು ಒಂದು ಗುದ್ದು ಸಾಕು. ಅಂಥದ್ದನ್ನು ದೋಣಿ ನೀರಿನಲ್ಲಿರುವಾಗ ಜೋರಾಗಿ ತಿರುಗಿಸಬಾರದು. ಟಾಯ್ಲೆಟ್ಟನ್ನೂ ಮರೆಯಬೇಡಿ. ನೀರೆಳೆಯುವ ವಾಲ್ವ್ ತೆರೆದೇ ಬಿಟ್ಟು ಮಲಗಿದರೆ ಬಟ್ಟಲು ನಿಧಾನಕ್ಕೆ ತುಂಬಿ ಹೊರಚೆಲ್ಲಬಹುದು. ಚಳಿಗಾಲಕ್ಕೆಂದು ಡಬ್ಬಿ, ಪುಸ್ತಕ, ಸೈಕಲ್ಲು ಎಲ್ಲ ಹಿಂಭಾಗಕ್ಕೆ ತುಂಬಿ ದೋಣಿ ಹಿಂದೆ ಬಾಗಿದ್ದರೆ ಪಂಪಿನ ಹೊರಬಾಯಿಯೇ ನೀರಲ್ಲಿ ಮುಳುಗಿರಬಹುದು. ಆಗ ಹೊರಹಾಕುವ ದಾರಿಯೇ ಒಳಬರುವ ದಾರಿ.

ಪೆನ್ನು ತೀರಾ ಕಡಿಮೆ ತೋರಿಸಿದರೆ

ಮಳೆಯೋ ಇಬ್ಬನಿಯೋ ಎಂಬುದು ಮುಂದಿನ ಪ್ರಶ್ನೆ. ಮಳೆಗೆ ಇಲ್ಲೊಂದು ಪುಕ್ಕಟೆ ಸಹಾಯ ಇದೆ. ಆಗ್ನೇಯದಿಂದ ಬೀಸುವ ಶಿರೋಕ್ಕೊ ಗಾಳಿ ಸಹಾರಾದ ಕೆಂಧೂಳು ಹೊತ್ತು ತರುತ್ತದೆ. ಅದರ ಜೊತೆ ಮಳೆ ಬಂದರೆ ಡೆಕ್ಕೆಲ್ಲ ಕೆಂಪು ರಾಡಿ. ತೊಳೆದು ಸಾಕಾಗಿ ಎಲ್ಲರೂ ಬೈಯುತ್ತಾರೆ, ಆದರೆ ಸೋರುವ ಕಡೆ ಅದು ಒಳಗಿನ ಬಿಳಿ ಗೋಡೆಯ ಮೇಲೆ ಕೆಂಪು ಗೆರೆ ಎಳೆದು ಹೋಗಿರುತ್ತದೆ. ಆ ಗೆರೆಯನ್ನು ಮೇಲಕ್ಕೆ ಹಿಂಬಾಲಿಸಿ. ಕಿಟಕಿ ಚೌಕಟ್ಟು, ಕೂವೆಮರಕ್ಕೆ ಕಟ್ಟಿದ ತಂತಿಗಳು ಡೆಕ್ ತೂರುವ ಪಟ್ಟಿಗಳು, ಕಂಬಿಗಳ ಬುಡ, ಇಷ್ಟರಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಕೂವೆಮರ ಡೆಕ್ ತೂರಿ ತಳದವರೆಗೆ ಇಳಿದಿರುವ ದೋಣಿಗಳಲ್ಲಿ ಮಳೆನೀರು ಕೂವೆಯ ಒಳಗಿನಿಂದಲೇ ನೇರ ಬಿಲ್ಜ್‌ಗೆ ಬರುತ್ತದೆ. ಅದು ದೋಷವಲ್ಲ, ಆ ದೋಣಿಯ ಸ್ವಭಾವ.

ಇಬ್ಬನಿಯ ಲೆಕ್ಕವೇ ಬೇರೆ. ಜನವರಿಯಲ್ಲಿ ಇಲ್ಲಿ ಸಮುದ್ರದ ನೀರು ಸುಮಾರು 15 ಡಿಗ್ರಿ, ರಾತ್ರಿಯ ಗಾಳಿ 8ರ ಆಸುಪಾಸು. ಅಂದರೆ ಒಡಲಿನ ಮುಳುಗಿದ ಭಾಗಕ್ಕಿಂತ ನೀರಿನ ಮೇಲಿರುವ ಭಾಗವೇ ತಣ್ಣಗೆ. ಕ್ಯಾಬಿನ್ 18 ಡಿಗ್ರಿ, ತೇವಾಂಶ ಶೇ. 75 ಇದ್ದರೆ 13ರಿಂದ 14 ಡಿಗ್ರಿಗಿಂತ ತಣ್ಣಗಿರುವ ಎಲ್ಲದರ ಮೇಲೂ ಹನಿ ಕೂರುತ್ತದೆ. ಆದ್ದರಿಂದ ಒದ್ದೆಯಾಗುವುದು ತಲೆದಿಂಬಿನ ಪಕ್ಕದ ಗೋಡೆ, ಬಟ್ಟೆ ಗೂಡಿನ ಹಿಂಭಾಗ. ಇದಲ್ಲದೆ ಹಾಸಿಗೆಯ ಅಡಿ, ಏಕೆಂದರೆ ಅಲ್ಲಿ ಗಾಳಿಯೇ ಆಡುವುದಿಲ್ಲ.

ಅನುಮಾನವಿದ್ದರೆ ಗೋಡೆಯನ್ನು ಒರೆಸಿ ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ. ಬೆಳಗ್ಗೆ ಹನಿ ನಿಮ್ಮ ಕಡೆ ಇದ್ದರೆ ನಿಮ್ಮದೇ ಉಸಿರು. ಗೋಡೆಯ ಕಡೆ ನೀರು ಇಳಿದಿದ್ದರೆ ಸೋರಿಕೆ.

ನಮ್ಮ ಅಡುಗೆಯೂ ಇದರಲ್ಲಿ ಪಾಲುದಾರ. ಒಂದು ಕಿಲೋ ಬ್ಯೂಟೇನ್ ಗ್ಯಾಸ್ ಉರಿದರೆ ಒಂದೂವರೆ ಕಿಲೋ ನೀರಾವಿ ಬರುತ್ತದೆ. ಅನ್ನ, ಸಾರು, ಹುರುಳಿ ಬೇಯಿಸಿದ ಹಬೆ ಅದರ ಮೇಲೆ. ಮೇಲಿನ ಹ್ಯಾಚ್, ಅಂದರೆ ಡೆಕ್ಕಿನ ಕಿಂಡಿಯ ಮುಚ್ಚಳ, ಎರಡು ಬೆರಳು ತೆರೆದಿಟ್ಟು ಅಡುಗೆ ಮಾಡಿ, ಚಳಿಯಾದರೂ ಸರಿ. ಗ್ಯಾಸ್ ಒಲೆಯನ್ನು ಮೈ ಕಾಯಿಸಲು ಉರಿಸಬೇಡಿ. ಹಾಗೆ ಮಾಡಿದರೆ ತೇವ ಹೆಚ್ಚುತ್ತದೆ, ಅದಕ್ಕಿಂತ ದೊಡ್ಡ ಅಪಾಯ ಕಾರ್ಬನ್ ಮಾನಾಕ್ಸೈಡ್. ಹಾಸಿಗೆ ಅಡಿಗೆ ಮರದ ಪಟ್ಟಿ ಹಾಕಿ ಎತ್ತರಿಸಿ. ಡಿಹ್ಯುಮಿಡಿಫೈಯರ್ ಕೊಳ್ಳುವುದಾದರೆ ಕಂಪ್ರೆಸರ್ ಇರುವುದು ಬೇಡ, 15 ಡಿಗ್ರಿಗಿಂತ ಕೆಳಗೆ ಅದು ಸೊರಗುತ್ತದೆ. ಒಳಗೆ ತೇವ ಹೀರುವ ಚಕ್ರ ಇರುವ ನಮೂನೆ ಚಳಿಯಲ್ಲೂ ಕೆಲಸ ಮಾಡುತ್ತದೆ, ಸ್ವಲ್ಪ ಬಿಸಿಗಾಳಿಯನ್ನೂ ಕೊಡುತ್ತದೆ. ಅದರ ಪೈಪು ಸಿಂಕಿನಿಂದ ಜಾರಿ ಬಿದ್ದಿಲ್ಲ ತಾನೇ ಎಂದೂ ನೋಡಿಕೊಳ್ಳಿ.

ಪೆನ್ನು ನಿಮ್ಮ ಟ್ಯಾಂಕಿನ ಅಂಕಿಯನ್ನೇ ತೋರಿಸಿದರೆ

ನಮಗೆ ಆಗಿದ್ದು ಇದು. ತೊಳೆದು ಒಣಗಿಸಿದ ಮರುದಿನ 370 ಮಿಲಿಲೀಟರ್, 620 ಪಿಪಿಎಂ. ಮೂರನೇ ದಿನ 380, ಪೆನ್ನಿನಲ್ಲಿ 500. ಉಳಿದಿದ್ದ ಉಪ್ಪೂ ತೊಳೆದುಹೋಗಿ ಅಂಕಿ ಟ್ಯಾಂಕಿನ 490ಕ್ಕೆ ಬಂದು ನಿಂತಿತು. ಸಮುದ್ರವಲ್ಲ. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆವು.

ಹಾಗಾದರೆ ಯಾವ ಪೈಪು? ರಾತ್ರಿ ಯಾವ ನಲ್ಲಿಯೂ ತೆರೆದಿಲ್ಲದಾಗ ಟ್ಯಾಂಕಿನಿಂದ ನಲ್ಲಿಗೆ ನೀರು ದೂಡುವ ಪಂಪು ಆಗಾಗ ಗುರ್ ಅಂದು ನಿಲ್ಲುತ್ತಿದ್ದರೆ ಎಲ್ಲೋ ಪೈಪು ಸೋರುತ್ತಿದೆ. ನಮ್ಮ ಪಂಪು ಇಡೀ ರಾತ್ರಿ ಸುಮ್ಮನಿತ್ತು. ಎರಡು ದಿನ ಇದೇ ಒಗಟು. ಕೊನೆಗೆ ಗಂಟೆಗೊಮ್ಮೆ ಹಲಗೆ ಎತ್ತಿ ನೋಡಿದೆ. ನಾಲ್ಕಕ್ಕೆ ಒಣ. ಐದಕ್ಕೆ ಒಣ. ಆರಕ್ಕೆ ಸ್ವಲ್ಪ ನೀರು. ಏಳಕ್ಕೆ ಎರಡು ಲೋಟ. ಆಮೇಲೆ ಮತ್ತೆ ಇಲ್ಲ.

ಐದಕ್ಕೆ ಏನಾಗುತ್ತದೆ? ಗೀಸರ್ ಆನ್ ಆಗುತ್ತದೆ. ಡಿಸೆಂಬರ್‌ವರೆಗೆ ನಾವು ದಡದ ಸ್ನಾನದ ಕೋಣೆಗೆ ಹೋಗುತ್ತಿದ್ದೆವು. ಉತ್ತರದ ಗಾಳಿ ಶುರುವಾದ ಮೇಲೆ ಬೆಳಗಿನ ಹೊತ್ತು ಟವೆಲ್ ಸುತ್ತಿಕೊಂಡು ಅಷ್ಟು ದೂರ ನಡೆಯುವ ಉಮೇದು ಉಳಿಯಲಿಲ್ಲ, ಗೀಸರಿಗೆ ಟೈಮರ್ ಹಾಕಿದೆ. "ದೋಣಿಯಲ್ಲಿ ಏನಾದರೂ ಬದಲಾಯಿಸಿದಿರಾ?" ಅಂತ ಕೇಳಿದವರಿಗೆಲ್ಲ "ಏನೂ ಇಲ್ಲ" ಎಂದೇ ಹೇಳಿದ್ದೆ.

ನೀರು ಕಾದರೆ ಹಿಗ್ಗುತ್ತದೆ. 15 ಡಿಗ್ರಿಯಿಂದ 65ಕ್ಕೆ ಏರಿದರೆ ಸುಮಾರು ಶೇ. 1.9. ನಮ್ಮ ಗೀಸರ್ 20 ಲೀಟರಿನದು. ಲೆಕ್ಕ ಹಾಕಿ: 380 ಮಿಲಿಲೀಟರ್. ಪಂಪಿನಲ್ಲಿ ಹಿಂದಕ್ಕೆ ಬಿಡದ ವಾಲ್ವ್ ಇರುವುದರಿಂದ ಹಿಗ್ಗಿದ ನೀರು ಟ್ಯಾಂಕಿಗೆ ವಾಪಸ್ ಹೋಗುವಂತಿಲ್ಲ. ಒತ್ತಡ ಏರಿ ಗೀಸರಿನ ಸೇಫ್ಟಿ ವಾಲ್ವ್ ತೆರೆದು ಅಷ್ಟನ್ನೇ ಹೊರಗೆ ಬಿಡುತ್ತದೆ. ಅದರ ಪೈಪಿನ ತುದಿ ಗೀಸರಿನ ಹಿಂದೆ ಕಾಣದ ಹಾಗೆ ಬಿಲ್ಜ್ ಕಡೆಗೆ ಬಾಯಿ ಮಾಡಿಕೊಂಡಿತ್ತು.

ಲೆಕ್ಕ ಸರಿಹೋಯಿತೆಂದು ಅಲ್ಲಿಗೇ ಬಿಡಬೇಡಿ, ಎರಡು ಬೆಳಗಿನ ಪರೀಕ್ಷೆ ಮಾಡಿ. ಒಂದು ದಿನ ಗೀಸರ್ ಆಫ್, ಪಂಪು ಆನ್. ಬಿಲ್ಜ್ ಒಣಗಿದ್ದರೆ ಪೈಪಿನ ಸೋರಿಕೆ ಅಲ್ಲ. ಇನ್ನೊಂದು ದಿನ ಪಂಪು ಆಫ್, ಗೀಸರ್ ಆನ್. ಆಗ ನೀರು ಬಂದರೆ ಸೇಫ್ಟಿ ವಾಲ್ವಿನದೇ. ನಮಗೆ ಎರಡೂ ಹಾಗೇ ಬಂತು. ಗೀಸರ್ ತಣ್ಣಗಿರುವಾಗಲೂ ವಾಲ್ವ್ ತೊಟ್ಟಿಕ್ಕುತ್ತಿದ್ದರೆ ಕಥೆ ಬೇರೆ: ಸುಣ್ಣ ಕೂತು ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ಬದಲಾಯಿಸಬೇಕು.

ಒಂದು ಕೆಲಸ ಮಾತ್ರ ಯಾವತ್ತೂ ಮಾಡಬೇಡಿ. ಸೋರುತ್ತಿದೆ ಅಂತ ಆ ಪೈಪಿನ ಬಾಯಿ ಮುಚ್ಚಬೇಡಿ. ಅದು ಮುಚ್ಚಿದರೆ ಗೀಸರ್ ಒಡೆಯುತ್ತದೆ.

ಸುಲಭದ ಪರಿಹಾರ, ಪೈಪನ್ನು ಉದ್ದ ಮಾಡಿ ಒಂದು ಬಾಟಲಿಗೆ ಬಿಡುವುದು. ದಿನಾ ಖಾಲಿ ಮಾಡುವ ಬೇಜಾರು ಇಲ್ಲದವರಿಗೆ ಅಷ್ಟು ಸಾಕು. ನಾನು ಒತ್ತಡ ತಡೆಯುವ ಪುಟ್ಟ ಟ್ಯಾಂಕ್ ಹಾಕಿದೆ. ಒಳಗೆ ರಬ್ಬರ್ ಪೊರೆ, ಅದರ ಒಂದು ಬದಿ ಗಾಳಿ, ಇನ್ನೊಂದು ಬದಿ ನೀರು. ಹಿಗ್ಗಿದ ನೀರು ಗಾಳಿಯನ್ನು ಅದುಮಿ ಅಲ್ಲೇ ಕೂರುತ್ತದೆ. ದುಡ್ಡು ಉಳಿಸಲು ಮೊದಲು 1 ಲೀಟರಿನದು ತಂದೆ. ಬಿಲ್ಜ್ ನೀರು ಮೂರರಲ್ಲಿ ಒಂದು ಪಾಲಿಗೆ ಇಳಿಯಿತೇ ವಿನಾ ನಿಲ್ಲಲಿಲ್ಲ. ಪಂಪು ನಿಲ್ಲುವಷ್ಟರಲ್ಲೇ ಟ್ಯಾಂಕಿನ ಅರ್ಧದಷ್ಟು ನೀರು ತುಂಬಿರುತ್ತದೆ, ಮಿಕ್ಕ ಜಾಗ ಸಾಲುವುದಿಲ್ಲ. 5 ಲೀಟರಿನದು ಹಾಕಿದ ಮೇಲೆ ನಿಂತಿತು. ಗಾಳಿಯನ್ನು ಸೈಕಲ್ ಪಂಪಿನಲ್ಲೇ ತುಂಬಬಹುದು. ನೀರಿನ ಪಂಪು ಶುರುವಾಗುವ ಒತ್ತಡಕ್ಕಿಂತ ಸ್ವಲ್ಪ ಕಡಿಮೆ ಇರಲಿ, ಮತ್ತು ತುಂಬುವಾಗ ನಲ್ಲಿ ತೆರೆದು ನೀರಿನ ಒತ್ತಡ ಪೂರ್ತಿ ಬಿಟ್ಟಿರಬೇಕು.

ಸ್ಟಫಿಂಗ್ ಬಾಕ್ಸಿನ ಸುಟ್ಟ ಹಗ್ಗ ಬದಲಾಯಿಸಲು ವಸಂತದಲ್ಲಿ ದೋಣಿ ಎತ್ತಿಸಲೇಬೇಕು. ಆ ಖರ್ಚು ಪೂರ್ತಿ ನನ್ನ ಕೈಯಾರೆ ತಂದುಕೊಂಡದ್ದು.

ಫೆಬ್ರವರಿಯಲ್ಲಿ ಬಿಲ್ಜ್ ಒಣಗಿತ್ತು, ಹೆಚ್ಚು ಕಡಿಮೆ. ಶಿರೋಕ್ಕೊ ಮಳೆ ಬಂದ ಮರುದಿನ ಮಾತ್ರ ಒಂದು ಚಮಚದಷ್ಟು, ಪೆನ್ನಿನಲ್ಲಿ 40, ಬಣ್ಣ ತುಸು ಕೆಂಪು. ಗೆರೆ ಎಡಗಡೆಯ ಮೂರನೇ ಕಿಟಕಿಯ ಕೆಳಮೂಲೆಯಿಂದ ಇಳಿದಿದೆ. ಸೀಲಂಟ್ ತಂದಿಟ್ಟಿದ್ದೇನೆ. ಹಚ್ಚಲು ಎರಡು ದಿನ ಒಣ ಬಿಸಿಲು ಬೇಕು.